ತಲೆಗೆ ಎಣ್ಣೆ ಹಚ್ಚಬೇಡಿ, ಗುಳಿಗೆ ನಿಲ್ಲಿಸಬೇಡಿ

ನಾನು ಬಳ್ಳಾರಿಯಲ್ಲಿ ಇಇಜಿ ಟೆಕ್ನಿಷಿಯನ್. ತಲೆಗೆ ವೈರ್ ಅಂಟಿಸಿ ಮೆದುಳಿನ ಅಲೆ ದಾಖಲಿಸುವುದು ನನ್ನ ಕೆಲಸ. ಬರುವವರಲ್ಲಿ ಜಾಸ್ತಿ ಜನ ಮೂರ್ಛೆ ಕಾಯಿಲೆಯವರು. ಈಚೆಗೆ ಬೇರೆ ಥರದ ತಂದೆತಾಯಿಯರೂ ಬರುತ್ತಿದ್ದಾರೆ. ಮಗುವಿಗೆ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಅತಿ ಚಂಚಲತೆಯ ತೊಂದರೆ ಇದೆ ಅಂತ ಡಾಕ್ಟರ್ ಹೇಳಿರುತ್ತಾರೆ. ಗುಳಿಗೆ ಶುರುವಾಗಿರುತ್ತದೆ. ಅಷ್ಟರಲ್ಲಿ ಸಂಬಂಧಿಕರೊಬ್ಬರು ವಾಟ್ಸಾಪ್‌ನಲ್ಲಿ ನ್ಯೂರೋಫೀಡ್‌ಬ್ಯಾಕ್, ಅಂದರೆ ತನ್ನ ಮೆದುಳಿನ ಅಲೆಯನ್ನು ತಾನೇ ಬದಲಿಸಿಕೊಳ್ಳಲು ಕಲಿಸುವ ತರಬೇತಿಯ ವಿಡಿಯೋ ಕಳಿಸಿರುತ್ತಾರೆ. "ಇದನ್ನ ಮಾಡಿಸಿದ್ರೆ ಗುಳಿಗೆ ಬಿಡಬಹುದಂತೆ, ಹೌದಾ ಸರ್?"

ಇಲ್ಲ. ಮಾಡಿಸುವುದಾದರೆ ಗುಳಿಗೆ ಜೊತೆಗೆ ಮಾಡಿಸಿ. ಗುಳಿಗೆ ಬದಲು ಬೇಡ. ಹಣ, ಸಮಯ ಎರಡೂ ಇಲ್ಲದಿದ್ದರೆ ಮಾಡಿಸದಿದ್ದರೂ ಮಗುವಿಗೆ ನಷ್ಟ ಇಲ್ಲ. ಹೀಗೆ ಹೇಳಿದರೆ ಕೆಲವರಿಗೆ ಬೇಸರ ಆಗುತ್ತದೆ. ನನ್ನ ತಂಗಿಯ ಮಗನಿಗೂ ಇದೇ ತೊಂದರೆ. ಅವನು ಗುಳಿಗೆ ತಗೊಳ್ಳುತ್ತಾನೆ, ತರಬೇತಿಯನ್ನೂ ಮಾಡಿದ್ದಾನೆ. ಪಕ್ಕದ ಕುರ್ಚಿಯಲ್ಲಿ ಕೂತು ನೋಡಿದವನು ನಾನು. ಅಲ್ಲಿ ಕಂಡದ್ದು, ನನ್ನ ಕೆಲಸದಿಂದ ಗೊತ್ತಿರುವುದು ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ಕಾಯಿಲೆ ಅದೇನಾ ಅಂತ ಖಚಿತವಾಗಲಿ

ಎಡಿಎಚ್‌ಡಿ ಇದೆಯೋ ಇಲ್ಲವೋ ಅಂತ ಹೇಳೋಕೆ ಇಇಜಿ ಬೇಕಿಲ್ಲ. ನನ್ನ ಹೊಟ್ಟೆಪಾಡೇ ಇಇಜಿ, ಆದರೂ ಹೇಳುತ್ತೇನೆ. ಡಾಕ್ಟರ್ ನೋಡುವುದು ನಡವಳಿಕೆಯನ್ನು. ಲಕ್ಷಣಗಳು ಆರು ತಿಂಗಳಿಗಿಂತ ಜಾಸ್ತಿ ಇರಬೇಕು. 12 ವರ್ಷಕ್ಕೆ ಮುಂಚೆಯೇ ಕಾಣಿಸಿರಬೇಕು. ಮನೆಯಲ್ಲಿ ಮಾತ್ರ ಅಥವಾ ಶಾಲೆಯಲ್ಲಿ ಮಾತ್ರ ಅಲ್ಲ, ಎರಡು ಕಡೆಯಾದರೂ ಇರಬೇಕು. ಅದಕ್ಕೇ ಟೀಚರ್‌ಗೂ ಒಂದು ಪ್ರಶ್ನೆಪಟ್ಟಿ ಕೊಡುತ್ತಾರೆ. ಅದನ್ನು ಮನೆಯಲ್ಲೇ ಕೂತು ನೀವು ತುಂಬಬೇಡಿ. ಟೀಚರ್ ಕೈಯಲ್ಲೇ ತುಂಬಿಸಿ.

ಇಇಜಿ ಬೇಕಾಗುವುದು ಮೂರ್ಛೆಯ ಅನುಮಾನ ಇದ್ದಾಗ. ಕೆಲವು ಮಕ್ಕಳು ಮಾತಾಡುತ್ತಾ ಮಾತಾಡುತ್ತಾ ಹತ್ತು ಸೆಕೆಂಡು ಸ್ತಬ್ಧ ಆಗುತ್ತಾರೆ. ರೆಪ್ಪೆ ಅದುರುತ್ತದೆ. ಹೆಸರು ಕೂಗಿದರೂ, ಭುಜ ಮುಟ್ಟಿದರೂ ತಿರುಗುವುದಿಲ್ಲ. ಆಮೇಲೆ ಏನೂ ಆಗಿಲ್ಲ ಅನ್ನೋ ಹಾಗೆ ಮಾತು ಮುಂದುವರಿಸುತ್ತಾರೆ. ಟೀಚರ್ "ಗಮನ ಇಲ್ಲ" ಅಂತ ಬರೆದಿರುತ್ತಾರೆ. ಅದು ಆಬ್ಸೆನ್ಸ್ ಮೂರ್ಛೆ ಇರಬಹುದು. ಅಂಥ ಮಗುವಿಗೆ ಮೂರು ನಿಮಿಷ ಜೋರಾಗಿ ಉಸಿರಾಡಲು ಹೇಳಿದರೆ ನನ್ನ ಪರದೆಯ ಮೇಲೆ ಸೆಕೆಂಡಿಗೆ ಮೂರರಂತೆ ಚೂಪು ಅಲೆಗಳು ಸಾಲಾಗಿ ಬರುತ್ತವೆ. ಇದರ ಔಷಧಿಯೇ ಬೇರೆ. ಇಂಥದ್ದು ಕಂಡಿದ್ದರೆ ಮೊದಲು ಡಾಕ್ಟರ್‌ಗೆ ಹೇಳಿ. ಸಾಧ್ಯವಾದರೆ ಮೊಬೈಲ್‌ನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ.

ಎಲ್ಲಿ ತೋರಿಸುವುದು ಅಂತ ಕೇಳುತ್ತಾರೆ. ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು, ಅಂದರೆ ನಾವೆಲ್ಲ ವಿಮ್ಸ್ ಅಂತ ಕರೆಯುವ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಿ. ರಾಯಚೂರು, ಕೊಪ್ಪಳದಲ್ಲೂ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ಹೆಚ್ಚಿನದು ಬೇಕೆಂದರೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್. ಜನರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. ಜಿಲ್ಲೆ ಮಟ್ಟದಲ್ಲೇ ಮಾನಸಿಕ ಚಿಕಿತ್ಸೆ ಕೊಡಬಹುದು ಅಂತ ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ. 1996ರಲ್ಲಿ ಅದೇ ಮಾದರಿ ದೇಶದ ಕಾರ್ಯಕ್ರಮ ಆಯಿತು. ಹಾಗಾಗಿ "ಅಯ್ಯೋ, ಹುಚ್ಚರ ಡಾಕ್ಟರ್ ಹತ್ರನಾ?" ಅಂತ ಮುಖ ಮುಚ್ಚಿಕೊಳ್ಳುವ ಅಗತ್ಯ ಈ ಊರಿಗಂತೂ ಇಲ್ಲ. ಹೋಗೋಕೆ ಹಿಂಜರಿಕೆ ಇದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು.

ಗುಳಿಗೆಯ ಲೆಕ್ಕ

ಸಾಮಾನ್ಯವಾಗಿ ಕೊಡುವುದು ಮೀಥೈಲ್‌ಫೆನಿಡೇಟ್. ತಗೊಂಡ ಅರ್ಧ ಗಂಟೆ, ಒಂದು ಗಂಟೆಯಲ್ಲಿ ಕೆಲಸ ಶುರು. ಸಾಧಾರಣ ಗುಳಿಗೆ ಮೂರು ನಾಲ್ಕು ಗಂಟೆ ನಡೆಯುತ್ತದೆ. ಔಷಧಿಯನ್ನು ನಿಧಾನವಾಗಿ ಬಿಡುವ ಗುಳಿಗೆ ಎಂಟು ಗಂಟೆ, ಕೆಲವು ಇನ್ನೂ ಜಾಸ್ತಿ. ಈ ಎರಡನೆಯದನ್ನು ಪುಡಿ ಮಾಡಿ ಬೆಲ್ಲದಲ್ಲಿ ಕಲೆಸಿ ಕೊಡಬೇಡಿ. ಪುಡಿಯಾದರೆ ಇಡೀ ದಿನದ ಡೋಸ್ ಒಟ್ಟಿಗೇ ಇಳಿಯುತ್ತದೆ. ಆಟೊಮಾಕ್ಸೆಟಿನ್ ಕೊಟ್ಟಿದ್ದರೆ ವಿಷಯ ಬೇರೆ. ಅದರ ಗುಣ ಕಾಣೋಕೆ ಕೆಲವು ವಾರ ಬೇಕು. ನಾಲ್ಕು ದಿನ ನೋಡಿ "ಪ್ರಯೋಜನ ಇಲ್ಲ" ಅಂತ ಬಿಡಬೇಡಿ.

ಮೀಥೈಲ್‌ಫೆನಿಡೇಟ್ ಹಸಿವು ಕಡಿಮೆ ಮಾಡುತ್ತದೆ. ನನ್ನ ತಂಗಿ ಬೆಳಿಗ್ಗೆ ಮೊದಲು ತಿಂಡಿ, ಆಮೇಲೆ ಗುಳಿಗೆ ಅಂತ ಇಟ್ಟುಕೊಂಡಿದ್ದಾಳೆ. ಮಧ್ಯಾಹ್ನದ ಡಬ್ಬಿ ಹೆಂಗೂ ಅರ್ಧ ಹಾಗೇ ವಾಪಸ್ ಬರುತ್ತದೆ. ಅದಕ್ಕೆ ಬೈಯುವುದಿಲ್ಲ. ಸಂಜೆ ಗುಳಿಗೆ ಇಳಿದ ಮೇಲೆ ಮಂಡಾಳು ಒಗ್ಗರಣೆ, ಶೇಂಗಾ, ಮೊಟ್ಟೆ ಅಂತ ಹೊಟ್ಟೆ ತುಂಬಿಸುತ್ತಾಳೆ. ಪ್ರತಿ ಭೇಟಿಯಲ್ಲಿ ತೂಕ, ಎತ್ತರ, ಬಿಪಿ, ನಾಡಿ ನೋಡಬೇಕು. ನೋಡದಿದ್ದರೆ ಕೇಳಿ ನೋಡಿಸಿ. ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲಿ ಹೃದಯ ನಿಂತು ತೀರಿಕೊಂಡವರಿದ್ದರೆ, ಅಥವಾ ಮಗು ಆಡುವಾಗ ತಲೆ ತಿರುಗಿ ಬಿದ್ದಿದ್ದರೆ, ಗುಳಿಗೆ ಶುರುವಾಗುವ ಮುಂಚೆಯೇ ಹೇಳಬೇಕು.

ಇನ್ನೊಂದು, ಮೀಥೈಲ್‌ಫೆನಿಡೇಟ್ ಶೆಡ್ಯೂಲ್ ಎಕ್ಸ್ ಔಷಧಿ, ಅಂದರೆ ಮಾರಾಟಕ್ಕೆ ಕಾನೂನಿನ ಬಿಗಿ ಇರುವ ಪಟ್ಟಿಯದು. ಚೀಟಿ ಎರಡು ಪ್ರತಿ ಇರಬೇಕು, ಒಂದನ್ನು ಅಂಗಡಿಯವರು ಇಟ್ಟುಕೊಳ್ಳುತ್ತಾರೆ. ಎಲ್ಲ ಮೆಡಿಕಲ್ ಶಾಪ್‌ನಲ್ಲೂ ಸಿಗುವುದಿಲ್ಲ. ರಾಯಲ್ ಸರ್ಕಲ್ ಸುತ್ತ ಅಂಗಡಿ ಅಂಗಡಿ ಅಲೆದು ಖಾಲಿ ಕೈಯಲ್ಲಿ ಬಂದವರಿದ್ದಾರೆ. ಗುಳಿಗೆ ಮುಗಿಯೋ ಹಿಂದಿನ ದಿನ ಹುಡುಕಬೇಡಿ. ಒಂದು ವಾರ ಮುಂಚೆ ಫೋನ್ ಮಾಡಿ ತರಿಸಿಡಿ. ತರಬೇತಿ ನಡೆಯುತ್ತಿರುವಾಗ ಗುಳಿಗೆ ತಪ್ಪಿದರೆ ಯಾವುದರಿಂದ ಏನಾಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಈ ತರಬೇತಿಯಲ್ಲಿ ಆಗುವುದೇನು

"ತಲೆಗೆ ಕರೆಂಟ್ ಕೊಡ್ತಾರಾ?" ಇದೇ ಎಲ್ಲರ ಮೊದಲ ಪ್ರಶ್ನೆ. ಕೊಡುವುದಿಲ್ಲ. ವೈರ್ ಬರೀ ಕೇಳಿಸಿಕೊಳ್ಳುತ್ತದೆ. ಯಾರಾದರೂ "ಸ್ಟಿಮ್ಯುಲೇಷನ್" ಅಂದರೆ ಅದು ಬೇರೆ ಚಿಕಿತ್ಸೆ, ಅಲ್ಲಿ ಕರೆಂಟ್ ಹೋಗುತ್ತದೆ. ಯಾವುದು ಮಾಡುತ್ತಾರೆ ಅಂತ ಬಿಡಿಸಿ ಕೇಳಿ.

ನೆತ್ತಿಯ ಮೇಲೆ ಸಿಗುವ ಸಿಗ್ನಲ್ ತೀರಾ ಸಣ್ಣದು, ಮೈಕ್ರೋವೋಲ್ಟ್ ಲೆಕ್ಕ. ಬಳ್ಳಾರಿ ಗುಡ್ಡದ ಮೇಲೆ ನಿಂತು ಕೌಲ್ ಬಜಾರಿನ ಗದ್ದಲ ಕೇಳಿದ ಹಾಗೆ. ಗದ್ದಲ ಜಾಸ್ತಿಯೋ ಕಡಿಮೆಯೋ ಗೊತ್ತಾಗುತ್ತದೆ, ಯಾರು ಏನಂದರು ಗೊತ್ತಾಗುವುದಿಲ್ಲ. ಮಗು ಏನು ಯೋಚಿಸುತ್ತಿದೆ ಅಂತ ಯಾವ ಮೆಷಿನ್ನೂ ಹೇಳುವುದಿಲ್ಲ.

ಸೆಕೆಂಡಿಗೆ ನಾಲ್ಕರಿಂದ ಎಂಟು ಸಲ ಏಳುವ ಅಲೆ ಥೀಟಾ. ತೂಕಡಿಕೆಯಲ್ಲಿ, ಮನಸ್ಸು ಎಲ್ಲೋ ಇದ್ದಾಗ ಜಾಸ್ತಿ ಆಗುತ್ತದೆ. ಹದಿಮೂರಕ್ಕಿಂತ ವೇಗದ್ದು ಬೀಟಾ. ಎಡಿಎಚ್‌ಡಿ ಇರುವ ಕೆಲವು ಮಕ್ಕಳಲ್ಲಿ ಥೀಟಾ ಜಾಸ್ತಿ, ಬೀಟಾ ಕಡಿಮೆ ಇರುತ್ತದೆ. ಎಲ್ಲರಲ್ಲೂ ಅಲ್ಲ. ಕಂಪ್ಯೂಟರ್ ಇದನ್ನು ಅಳೆಯುತ್ತಾ ಇರುತ್ತದೆ. ಥೀಟಾ ಇಳಿದು ಬೀಟಾ ಏರಿದರೆ ಪರದೆಯ ಮೇಲೆ ಕಾರು ಓಡುತ್ತದೆ, ಇಲ್ಲದಿದ್ದರೆ ನಿಲ್ಲುತ್ತದೆ. ಹೆಂಗೆ ಮಾಡಬೇಕು ಅಂತ ಮಗುವಿಗೆ ಯಾರೂ ಹೇಳಿಕೊಡುವುದಿಲ್ಲ. ಅದೇ ಹುಡುಕಿಕೊಳ್ಳಬೇಕು. ಸಾಮಾನ್ಯವಾಗಿ 30ರಿಂದ 40 ಸೆಷನ್, ವಾರಕ್ಕೆ ಎರಡು ಮೂರು.

ಇದರ ಮೂಲ ನನ್ನಂಥವರಿಗೆ ಖುಷಿ ಕೊಡುವಂಥದ್ದು. 1960ರ ದಶಕದಲ್ಲಿ ಅಮೆರಿಕದ ಬ್ಯಾರಿ ಸ್ಟರ್‌ಮನ್ ಬೆಕ್ಕುಗಳಿಗೆ ಒಂದು ಬಗೆಯ ಅಲೆ ಹೆಚ್ಚಿಸಿಕೊಳ್ಳಲು ಕಲಿಸಿದರು. ಆಮೇಲೆ ರಾಕೆಟ್ ಇಂಧನದ ವಿಷ ಕೊಟ್ಟು ನೋಡುವ ಬೇರೊಂದು ಪ್ರಯೋಗದಲ್ಲಿ ಆ ಬೆಕ್ಕುಗಳಿಗೆ ಮೂರ್ಛೆ ಬೇಗ ಬರಲಿಲ್ಲ. 1976ರಲ್ಲಿ ಜೋಯಲ್ ಲೂಬರ್ ಇದನ್ನು ಚಂಚಲ ಮಗುವಿನ ಮೇಲೆ ಮಾಡಿ ನೋಡಿದರು. ಅಲ್ಲಿಂದ ಬೆಳೆದದ್ದು ಈಗಿನ ತರಬೇತಿ.

ಕೇಂದ್ರ ಆರಿಸುವಾಗ

ತಂಗಿ ಮನೆಯವರು ಬೆಂಗಳೂರಿನಲ್ಲಿ ಮಾಡಿಸಿದರು. ಬೇಸಿಗೆ ರಜೆಯಲ್ಲಿ ಸಂಬಂಧಿಕರ ಮನೆಯಲ್ಲಿ ಇದ್ದು ಶುರು ಮಾಡಿ, ಉಳಿದದ್ದನ್ನು ದಸರಾ ರಜೆಗೆ ಇಟ್ಟುಕೊಂಡರು. ಮೊದಲು ನೋಡಿದ ಒಂದು ಕಡೆ, ಹೆಸರು ಬೇಡ, ಒಳಗೆ ಹೋದ ಹತ್ತು ನಿಮಿಷಕ್ಕೆ ಬಣ್ಣಬಣ್ಣದ ಮೆದುಳಿನ ಚಿತ್ರ ಪ್ರಿಂಟ್ ಮಾಡಿ ಕೈಗಿಟ್ಟರು. ಕೆಂಪು ಇರೋ ಕಡೆ ತೊಂದರೆ, ಪ್ಯಾಕೇಜ್ ಮುಗಿಯೋದರೊಳಗೆ ಹಸಿರು ಆಗುತ್ತೆ, ಇವತ್ತಿನಿಂದಲೇ ಗುಳಿಗೆ ನಿಲ್ಲಿಸಿ ಅಂದರು. ತಂಗಿ ನನ್ನ ಮುಖ ನೋಡಿದಳು. ನಾನು ಆ ಹಾಳೆ ತಿರುಗಿಸಿ ತಿರುಗಿಸಿ ನೋಡಿದೆ. ಹಣೆಯ ಎರಡೂ ಬದಿ ಕೆಂಪು. ಹುಡುಗ ದಾಖಲಿಸುವಾಗ ಪಿಳಿಪಿಳಿ ಕಣ್ಣು ಮಿಟುಕಿಸುತ್ತಿದ್ದ. ಕಣ್ಣು ಮಿಟುಕಿಸಿದರೆ ಹಣೆ ಹತ್ತಿರ ನಿಧಾನದ ಅಲೆ ದೊಡ್ಡದಾಗಿ ಏಳುತ್ತದೆ, ಇದು ನಮ್ಮ ಕೆಲಸದ ಮೊದಲ ಪಾಠ. ಅದನ್ನು ತೆಗೆಯದೆ ಬಣ್ಣ ಹಚ್ಚಿದ್ದರು. ನಮಸ್ಕಾರ ಹೇಳಿ ಎದ್ದು ಬಂದೆವು.

ನೀವು ಕೇಳಬೇಕಾದದ್ದು ಇಷ್ಟು. ಮಗುವಿಗೆ ಗುಳಿಗೆ ಬರೆದ ಡಾಕ್ಟರ್ ಜೊತೆ ಮಾತಾಡುತ್ತೀರಾ? ಯಾವ ಜಾಗದಲ್ಲಿ ವೈರ್, ಯಾವ ಅಲೆ ಏರಿಸುತ್ತೀರಿ, ಯಾವುದು ಇಳಿಸುತ್ತೀರಿ? ಸ್ನಾಯುವಿನ ಸಿಗ್ನಲ್ ಬಂದರೆ ಆಟ ನಿಲ್ಲುತ್ತದಾ? ಕಚ್ಚಾ ಇಇಜಿ ಗೆರೆ ನಮಗೆ ತೋರಿಸುತ್ತೀರಾ? ಅರ್ಧಕ್ಕೆ ಬಿಟ್ಟರೆ ಹಣ ವಾಪಸ್ಸಾ? ಸಲೀಸಾಗಿ ಉತ್ತರ ಕೊಡುವವರು ಒಳ್ಳೆಯವರು. "ನಿಮಗೆ ಅದೆಲ್ಲ ಯಾಕೆ" ಅಂದರೆ ಚಪ್ಪಲಿ ಹಾಕಿಕೊಳ್ಳಿ.

ಖರ್ಚು ಲೆಕ್ಕ ಹಾಕುವಾಗ ಒಂದು ಸೆಷನ್ ದರವನ್ನು 40ರಿಂದ ಗುಣಿಸಿ. ಅದಕ್ಕೆ ರೈಲು, ಆಟೋ, ಊಟ, ನಿಮ್ಮ ಕೂಲಿ ಅಥವಾ ರಜೆ ಎಲ್ಲ ಸೇರಿಸಿ. ಸಾಲ ಮಾಡಿ ಮಾಡಿಸುವ ಚಿಕಿತ್ಸೆ ಇದಲ್ಲ.

ಸೆಷನ್ ದಿನ

ನಮ್ಮ ಕಡೆ ಮಗುವನ್ನು ಡಾಕ್ಟರ್ ಹತ್ತಿರ ಕರೆದೊಯ್ಯುವುದೆಂದರೆ ತಲೆಗೆ ಕೊಬ್ಬರಿ ಎಣ್ಣೆ ಹಾಕಿ, ನುಣ್ಣಗೆ ಬಾಚಿ, ಪೌಡರ್ ಹಚ್ಚಿ ಕರೆತರುತ್ತಾರೆ. ನನಗೆ ಅರ್ಧ ಕೆಲಸ ಹೆಚ್ಚಾಗುವುದೇ ಅದರಿಂದ. ಎಣ್ಣೆ ಇದ್ದರೆ ಚರ್ಮಕ್ಕೂ ಎಲೆಕ್ಟ್ರೋಡ್‌ಗೂ ಸಂಪರ್ಕ ಕೂಡುವುದಿಲ್ಲ. ಹಿಂದಿನ ರಾತ್ರಿ ಶಾಂಪೂ ಹಾಕಿ ತಲೆ ತೊಳೆಸಿ. ಎಣ್ಣೆ, ಜೆಲ್, ಕಂಡೀಷನರ್ ಯಾವುದೂ ಬೇಡ. ಹೆಣ್ಣುಮಕ್ಕಳಿಗೆ ನೆತ್ತಿಯ ಮೇಲೆ ಬಿಗಿ ಜುಟ್ಟು ಬೇಡ, ಸಡಿಲವಾಗಿ ಎರಡು ಜಡೆ ಸಾಕು. ಕಿವಿಗೂ ಒಂದು ಕ್ಲಿಪ್ ಹಾಕುತ್ತಾರೆ. ದೊಡ್ಡ ಓಲೆ ಇದ್ದರೆ ತೆಗೆದಿಡಿ.

ಟೆಕ್ನಿಷಿಯನ್ ಟೇಪ್ ಹಿಡಿಯುತ್ತಾರಾ ನೋಡಿ. ಮೂಗಿನ ಬುಡದಿಂದ ತಲೆಯ ಹಿಂದಿನ ಉಬ್ಬಿನವರೆಗೆ ಒಂದು ಅಳತೆ, ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಒಂದು ಅಳತೆ. ಎರಡರ ಮಧ್ಯ ಸೇರುವ ಬಿಂದು ನೆತ್ತಿ. ಮಕ್ಕಳ ಎಡಿಎಚ್‌ಡಿ ತರಬೇತಿಯಲ್ಲಿ ವೈರ್ ಹೆಚ್ಚಾಗಿ ಕೂರುವುದು ಅಲ್ಲೇ. ಅಂದಾಜಿನಲ್ಲಿ ಅಂಟಿಸಿದರೆ ಇವತ್ತು ಒಂದು ಜಾಗ, ನಾಡಿದ್ದು ಇನ್ನೊಂದು ಜಾಗ. ಆಮೇಲೆ ಚರ್ಮ ಮೆತ್ತಗೆ ಉಜ್ಜಿ, ಪೇಸ್ಟ್ ಹಚ್ಚಿ, ಇಂಪೆಡೆನ್ಸ್ (ಚರ್ಮಕ್ಕೂ ಎಲೆಕ್ಟ್ರೋಡ್‌ಗೂ ನಡುವಿನ ವಿದ್ಯುತ್ ತಡೆ) ನೋಡಬೇಕು. ನಾವು 5 ಕಿಲೋಓಮ್‌ಗಿಂತ ಕಡಿಮೆ ಬರುವವರೆಗೆ ಬಿಡುವುದಿಲ್ಲ.

ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಇಳಿದು ನೇರ ಸೆಷನ್‌ಗೆ ಹೋಗಬೇಡಿ. ನಿದ್ದೆಗೆಟ್ಟ ಮಗುವಿನ ಥೀಟಾ ಏರೇ ಏರುತ್ತದೆ. ಆಗ ಕಾರು ಓಡುವುದಿಲ್ಲ, ಮಗು ಅಳುತ್ತದೆ. ನೆಗಡಿಗೆ ಸಿರಪ್ ಕುಡಿಸಿದ್ದರೂ ಹಾಗೇ, ಅದರಲ್ಲಿ ಹೆಚ್ಚಾಗಿ ಮಂಪರು ಬರಿಸುವ ಔಷಧಿ ಇರುತ್ತದೆ. ಅವತ್ತು ಸೆಷನ್ ಮುಂದಕ್ಕೆ ಹಾಕಿ. ಗುಳಿಗೆ ಎಂದಿನ ಹೊತ್ತಿಗೇ ಕೊಡಿ. ಒಂದು ದಿನ ಗುಳಿಗೆ ತಗೊಂಡ ಎರಡು ಗಂಟೆಗೆ ಸೆಷನ್, ಇನ್ನೊಂದು ದಿನ ಗುಳಿಗೆ ಇಳಿದ ಮೇಲೆ ಸೆಷನ್ ಅಂತ ಮಾಡಿದರೆ ಒಂದರ ಜೊತೆ ಇನ್ನೊಂದನ್ನು ಹೋಲಿಸೋಕೆ ಆಗುವುದಿಲ್ಲ. ಬಿಸಿಲಲ್ಲಿ ಓಡಿ ಬಂದಿದ್ದರೆ ಹದಿನೈದು ನಿಮಿಷ ಫ್ಯಾನ್ ಕೆಳಗೆ ಕೂರಿಸಿ. ಬೆವರು ಗೆರೆಯನ್ನು ಮೇಲೆ ಕೆಳಗೆ ತೇಲಿಸುತ್ತದೆ. ಮೊಬೈಲ್, ಚಾರ್ಜರ್ ದೂರ ಇಡಿ. ನಮ್ಮ ಮನೆ ಕರೆಂಟ್ 50 ಹರ್ಟ್ಸ್, ಅದರ ಗುಂಯ್‌ಗುಡುವಿಕೆ ಸಡಿಲ ವೈರ್‌ನಲ್ಲಿ ಬಂದು ಕೂರುತ್ತದೆ.

ಇನ್ನು ನಮ್ಮ ಹುಡುಗನ ಕಥೆ. ಕೆಲವು ಸೆಷನ್ ಆದ ಮೇಲೆ ಅವನ ಕಾರು ಇದ್ದಕ್ಕಿದ್ದಂತೆ ಜೋರಾಗಿ ಓಡೋಕೆ ಶುರುವಾಯಿತು. ಕಾರು ನಿಲ್ಲುವುದೇ ಇಲ್ಲ, ಅಂಕ ಮೇಲೆ ಮೇಲೆ. ತಂಗಿಗೆ ಕಣ್ಣಲ್ಲಿ ನೀರು. ನಾನು ಪರದೆ ಬಿಟ್ಟು ಅವನ ಕಿವಿಯ ಮುಂದಿನ ಭಾಗ ನೋಡಿದೆ. ಕಾರು ಓಡುವಾಗೆಲ್ಲ ಕಣತಲೆ ಹತ್ತಿರದ ಸ್ನಾಯು ಉಬ್ಬುತ್ತಿತ್ತು. ಹುಡುಗ ಹಲ್ಲು ಕಚ್ಚುತ್ತಿದ್ದ! ದವಡೆ ಬಿಗಿ ಹಿಡಿದರೆ ಸ್ನಾಯುವಿನ ವೇಗದ ಅಲೆ ನೆತ್ತಿಯವರೆಗೆ ಬರುತ್ತದೆ. ಮೆಷಿನ್ ಅದನ್ನು ಬೀಟಾ ಅಂತ ತಿಳಿಯುತ್ತದೆ. ಗಮನ ಇಲ್ಲ ಅಂತ ಎಲ್ಲರೂ ದೂರುವ ಹುಡುಗ ಇದನ್ನು ತಾನೇ ಕಂಡುಹಿಡಿದಿದ್ದ. ಅಲ್ಲಿಯ ಹುಡುಗಿ, ಕೆಲಸ ಬಲ್ಲವಳು, ತಕ್ಷಣ ಸ್ನಾಯುವಿನ ಮಿತಿ ಬಿಗಿ ಮಾಡಿದಳು. ಹಲ್ಲು ಕಚ್ಚಿದರೆ ಈಗ ಕಾರು ನಿಲ್ಲುತ್ತಿತ್ತು. ಅವನ ಮುಖ ಸಪ್ಪಗಾಯಿತು. "ನಾಲಿಗೆ ಸಡಿಲ ಬಿಡು, ಬಾಯಿ ಸ್ವಲ್ಪ ತೆರೆದೇ ಇರಲಿ" ಅಂತ ಹೇಳಿಕೊಟ್ಟೆವು. ನೀವೂ ಒಳಗೆ ಕೂರಲು ಕೇಳಿ. ಪರದೆ ನೋಡಬೇಡಿ, ಮಗುವಿನ ದವಡೆ, ಹಣೆ, ಭುಜ ನೋಡಿ.

ಪೇಸ್ಟ್ ಒಣಗಿ ಕೂದಲಿಗೆ ಅಂಟಿದ್ದರೆ ಬಾಚಬೇಡಿ, ಎಳೆದು ನೋವಾಗುತ್ತದೆ. ಬೆಚ್ಚಗಿನ ನೀರಲ್ಲಿ ನೆನೆಸಿ ತೊಳೆಯಿರಿ. ಎಣ್ಣೆ ಹಚ್ಚುವ ಆಸೆ ಇದ್ದರೆ ಈಗ ಹಚ್ಚಿ.

ಇದರಿಂದ ಗುಣ ಆಗುತ್ತದಾ

ಗುಳಿಗೆ ಬಗ್ಗೆ ಪುರಾವೆ ಗಟ್ಟಿ ಇದೆ. 1999ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 579 ಮಕ್ಕಳನ್ನು 14 ತಿಂಗಳು ನೋಡಿದರು. ಮುಖ್ಯ ಲಕ್ಷಣಗಳ ಮಟ್ಟಿಗೆ, ಸರಿಯಾಗಿ ಡೋಸ್ ಹೊಂದಿಸಿ ಕೊಟ್ಟ ಗುಳಿಗೆ ಬರೀ ನಡವಳಿಕೆ ತರಬೇತಿಗಿಂತ ಮೇಲಾಯಿತು. ಎರಡನ್ನೂ ಸೇರಿಸಿ ಕೊಟ್ಟ ಮಕ್ಕಳಿಗೆ ಸ್ವಲ್ಪ ಕಡಿಮೆ ಡೋಸ್ ಸಾಕಾಯಿತು. ಡೋಸ್ ಇಳಿಸುವ ಆಸೆ ಇದ್ದವರು ಇದನ್ನು ಗಮನಿಸಿ. ಇದು ತಂದೆತಾಯಿಗೂ ಟೀಚರ್‌ಗೂ ಕಲಿಸುವ ನಡವಳಿಕೆ ತರಬೇತಿ, ವೈರ್ ತರಬೇತಿ ಅಲ್ಲ.

ವೈರ್ ತರಬೇತಿಯದ್ದು ಬೇರೆ ಕಥೆ. 2021ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 7ರಿಂದ 10 ವರ್ಷದ 144 ಮಕ್ಕಳಿದ್ದರು. 38 ಸೆಷನ್‌ವರೆಗೆ ನಡೆಯಿತು. ಕೆಲವರಿಗೆ ನಿಜವಾದ ತರಬೇತಿ. ಉಳಿದವರ ಆಟವನ್ನು ಓಡಿಸಿದ್ದು ಮೊದಲೇ ದಾಖಲಿಸಿಟ್ಟ ಬೇರೆಯವರ ಅಲೆ. ಯಾರಿಗೆ ಯಾವುದು ಅಂತ ಮಕ್ಕಳಿಗೂ ಗೊತ್ತಿಲ್ಲ, ತಂದೆತಾಯಿಗೂ ಗೊತ್ತಿಲ್ಲ. ಕೊನೆಗೆ ಎರಡೂ ಗುಂಪಿನ ಮಕ್ಕಳು ಸುಧಾರಿಸಿದರು, ಹೆಚ್ಚೂಕಡಿಮೆ ಒಂದೇ ಸಮ. 2024ರಲ್ಲಿ 38 ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದಾಗಲೂ, ಯಾರಿಗೆ ಯಾವ ಚಿಕಿತ್ಸೆ ಅಂತ ತಿಳಿಯದವರ ಕಣ್ಣಿಗೆ ಲಕ್ಷಣಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ಸುಳ್ಳು ಆಟ ಆಡಿದ ಮಕ್ಕಳು ಯಾಕೆ ಸುಧಾರಿಸಿದರು? ನನ್ನ ಊಹೆ ಹೇಳುತ್ತೇನೆ. ವಾರಕ್ಕೆ ಮೂರು ಸಲ ಬೈಯದ ದೊಡ್ಡವರೊಬ್ಬರ ಜೊತೆ ಅರ್ಧ ಗಂಟೆ ಸುಮ್ನೆ ಕೂತು ಅಭ್ಯಾಸ. ಚೆನ್ನಾಗಿ ಮಾಡಿದಾಗ ಆ ಕ್ಷಣದಲ್ಲೇ ಶಭಾಷ್. ಹೊತ್ತಿಗೆ ಸರಿಯಾಗಿ ನಿದ್ದೆ, ಊಟ. ಎಡಿಎಚ್‌ಡಿ ಮಗುವಿಗೆ ಶಾಲೆಯಲ್ಲಿ ದಿನಕ್ಕೆ ಎಷ್ಟು ಸಲ ಶಭಾಷ್ ಸಿಗುತ್ತದೆ ಅಂತ ಒಮ್ಮೆ ಎಣಿಸಿ ನೋಡಿ. ಇದಿಷ್ಟನ್ನೂ ನಮ್ಮ ಬಳ್ಳಾರಿ ಗಾಂಧಿನಗರದ ಮನೆಯಲ್ಲೇ ವೈರ್ ಇಲ್ಲದೆ ಕೊಡಬಹುದು, ಅಲ್ವಾ?

ಮನೆಯಲ್ಲಿ

ಕುರ್ಚಿಯಲ್ಲಿ ಕಲಿತದ್ದು ಪುಸ್ತಕದ ಮುಂದೆ ಬರಬೇಕು. ತಂಗಿ ಮನೆಯಲ್ಲಿ ಹುಡುಗ ಹೋಂವರ್ಕ್‌ಗೆ ಮುಂಚೆ ಎರಡು ನಿಮಿಷ ಅದೇ ಥರ ಕೂರುತ್ತಾನೆ. ಬೆನ್ನು ನೆಟ್ಟಗೆ, ದವಡೆ ಸಡಿಲ, ಕಣ್ಣು ಒಂದೇ ಕಡೆ. ಆಮೇಲೆ ಐದು ಲೆಕ್ಕ. ಎದ್ದು ನೀರು ಕುಡಿದು ಬಂದು ಮತ್ತೆ ಐದು. ಟಿವಿ ಬಂದ್. ಅಜ್ಜಿ ನೋಡುವ ಧಾರಾವಾಹಿ ಹೊತ್ತೂ ಬದಲಾಯಿತು, ಅದಕ್ಕೆ ದೊಡ್ಡ ಪಂಚಾಯಿತಿಯೇ ನಡೆಯಿತು.

ಒಂದು ನೂರು ಪುಟದ ನೋಟ್‌ಬುಕ್ ಇಡಿ. ಗುಳಿಗೆ ಕೊಟ್ಟ ಹೊತ್ತು, ನಿದ್ದೆ, ಊಟ, ಸೆಷನ್ ಇತ್ತೋ ಇಲ್ಲವೋ. ವಾರಕ್ಕೊಮ್ಮೆ ಕ್ಲಾಸ್ ಟೀಚರ್ ಕೈಯಲ್ಲಿ ಎರಡು ಸಾಲು ಬರೆಸಿ: ಬರೆಯುವ ಕೆಲಸ ಮುಗಿಸಿದನಾ, ಜಾಗ ಬಿಟ್ಟು ಎಷ್ಟು ಎದ್ದ. ತರಬೇತಿ ನಡೆಯುತ್ತಿದೆ ಅಂತ ಟೀಚರ್‌ಗೆ ಹೇಳಬೇಡಿ. ಹೇಳಿದರೆ ಅವರಿಗೂ ಸುಧಾರಣೆ ಕಾಣೋಕೆ ಶುರುವಾಗುತ್ತದೆ. ಗುಳಿಗೆ ಡೋಸ್ ಬದಲಾದ ವಾರ ಬೇರೆ ಯಾವುದನ್ನೂ ಹೊಸದಾಗಿ ಶುರು ಮಾಡಬೇಡಿ. ಡೋಸ್ ಇಳಿಸುವ ಮಾತು ಈ ನೋಟ್‌ಬುಕ್ ಹಿಡಿದು ಡಾಕ್ಟರ್ ಮುಂದೆಯೇ ಆಗಲಿ, ಅದೂ ಪರೀಕ್ಷೆ ಇಲ್ಲದ ತಿಂಗಳಲ್ಲಿ.

ನಮ್ಮ ಹುಡುಗ ಈಗಲೂ ಅದೇ ಡೋಸ್‌ನಲ್ಲಿದ್ದಾನೆ. ಕೂರುವುದು ಸ್ವಲ್ಪ ಜಾಸ್ತಿಯಾಗಿದೆ. ವೈರ್‌ನಿಂದ ಆಯಿತಾ, ಟಿವಿ ಬಂದ್ ಮಾಡಿದ್ದರಿಂದ ಆಯಿತಾ, ಒಂದು ವರ್ಷ ದೊಡ್ಡವನಾದದ್ದರಿಂದ ಆಯಿತಾ ಅಂತ ತಂಗಿ ಕೇಳಿದರೆ ನಾನು ನೋಟ್‌ಬುಕ್ ತೆಗೆದು ಟಿವಿ ಬಂದ್ ಆದ ವಾರ ತೋರಿಸುತ್ತೇನೆ. ಅವಳು ಸೆಷನ್ ಶುರುವಾದ ವಾರ ತೋರಿಸುತ್ತಾಳೆ.

ನಿಮ್ಮ ನೋಟ್‌ಬುಕ್‌ನಲ್ಲಿ 20 ಸೆಷನ್ ಆದ ಮೇಲೂ ಟೀಚರ್ ಸಾಲುಗಳು ಹಾಗೇ ಇದ್ದರೆ ಅಲ್ಲಿಗೆ ನಿಲ್ಲಿಸಿ, ಕೇಂದ್ರದವರು ಪರದೆಯ ಮೇಲೆ ಎಷ್ಟೇ ಅಂಕ ತೋರಿಸಲಿ. ಉಳಿದ ಹಣದಲ್ಲಿ ತಂದೆತಾಯಿಗೆ ನಡವಳಿಕೆ ತರಬೇತಿ ಕೊಡುವ ಮನಶ್ಶಾಸ್ತ್ರಜ್ಞರನ್ನು ನೋಡಿ. ಗುಳಿಗೆ ಮಾತ್ರ ಎಂದಿನ ಹೊತ್ತಿಗೆ, ತಿಂಡಿ ಆದ ಮೇಲೆ.